ಚಿತ್ರಗಳೆಲ್ಲ ಬಾರ್ಸಿಲೋನಾದಲ್ಲಿರುವಾಗ ಬೋಯಿ ಕಣಿವೆಗೆ ಹೋಗಬೇಕೇ?

ಪ್ರಶ್ನೆ: ನಾವು ಮೈಸೂರಿನವರು. ಮಗ ಎರಡು ವರ್ಷದಿಂದ ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾನೆ. ಜೂನ್ ಮಧ್ಯದಲ್ಲಿ ನಾನು, ನಮ್ಮ ಯಜಮಾನರು ಮತ್ತು ಅತ್ತೆ ಅಲ್ಲಿಗೆ ಹೊರಟಿದ್ದೇವೆ. ಪಿರನೀಸ್ ಬೆಟ್ಟಗಳ ನಡುವಿನ ಬೋಯಿ ಕಣಿವೆಯ ಹಳೇ ಚರ್ಚುಗಳನ್ನು ನೋಡಬೇಕೆಂಬ ಆಸೆ ನನ್ನದು. ಮಗನ ಸ್ನೇಹಿತರು ಮಾತ್ರ, "ಅಲ್ಲೇನಿದೆ? ಚಿತ್ರಗಳನ್ನೆಲ್ಲ ಮ್ಯೂಸಿಯಂನವರು ಗೋಡೆಯಿಂದ ಕಿತ್ತುಕೊಂಡು ಹೋಗಿದ್ದಾರೆ. ಉಳಿದಿರುವುದು ನಕಲು, ಮೇಲೊಂದು ವಿಡಿಯೊ" ಎನ್ನುತ್ತಾರಂತೆ. ಇದು ನಿಜವೇ? ಬೆಳಿಗ್ಗೆ ಬಾರ್ಸಿಲೋನಾ ಬಿಟ್ಟು ಒಂಬತ್ತೂ ಚರ್ಚು ನೋಡಿ ರಾತ್ರಿ ವಾಪಸ್ ಬರಬಹುದೇ? ಕಾರು ಮಗ ಓಡಿಸುತ್ತಾನೆ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಎತ್ತರದ ಜಾಗದಲ್ಲಿ ಉಸಿರಾಟಕ್ಕೆ ತೊಂದರೆಯಾದೀತೇ ಎಂಬ ಭಯವೂ ಇದೆ. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕೇ ಎಂದು ಅವರು ಕೇಳುತ್ತಿದ್ದಾರೆ. ನಾವು ಸಸ್ಯಾಹಾರಿಗಳು.

ಉತ್ತರ: ನಿಮ್ಮ ಪತ್ರದ ತಿರುಳು ಒಂದೇ. ಅಸಲಿ ಚಿತ್ರ ಪೇಟೆಯಲ್ಲಿರುವಾಗ, ನಾಲ್ಕು ಗಂಟೆ ಪ್ರಯಾಣ ಮಾಡಿ ಬೋಳು ಗೋಡೆ ನೋಡಲು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಸರಿಯೇ? ಹೋಗಿ, ಆದರೆ ಒಂದು ದಿನದಲ್ಲಿ ಬೇಡ, ಒಂಬತ್ತೂ ಬೇಡ. ಕಾರು ಮಗ ಓಡಿಸುತ್ತಾನೆ ಎಂದಿರಲ್ಲ, ಅಲ್ಲೊಂದು ಕಾನೂನಿನ ತೊಡಕಿದೆ, ಮುಂದೆ ಹೇಳುತ್ತೇನೆ.

ಮೊದಲು ಸ್ನೇಹಿತರ ಮಾತನ್ನು ನೋಡೋಣ. ಅದರಲ್ಲಿ ಅರ್ಧ ನಿಜವಿದೆ. ತಾವುಲ್ ಊರಿನ ಸಾಂತ್ ಕ್ಲಿಮೆಂತ್ ಮತ್ತು ಸಾಂತ ಮರಿಯಾ, ಬೋಯಿ ಊರಿನ ಸಾಂತ್ ಜೊವಾನ್, ಈ ಮೂರು ಚರ್ಚುಗಳ ಮುಖ್ಯ ಭಿತ್ತಿಚಿತ್ರಗಳು ಈಗಿರುವುದು ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಮೇಲಿನ ಕತಲೂನ್ಯಾ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ. "ಕಿತ್ತುಕೊಂಡು ಹೋದರು" ಎಂಬ ಮಾತು ಮಾತ್ರ ನಡೆದದ್ದನ್ನು ತಲೆಕೆಳಗು ಮಾಡುತ್ತದೆ.

1907ರಲ್ಲಿ ವಾಸ್ತುಶಿಲ್ಪಿ ಜುಸೆಪ್ ಪುಚ್ ಇ ಕದಫಾಲ್ಕ್ ಅವರ ತಂಡ ಈ ಕಣಿವೆಗಳನ್ನು ಸುತ್ತಿ ಚರ್ಚುಗಳ ಅಳತೆ, ಫೋಟೊ ತೆಗೆದುಕೊಂಡು ಬಂತು. ಇಂಥ ಚಿತ್ರಗಳಿವೆ ಎಂಬುದು ವಿದ್ವಾಂಸರಿಗೆ ತಿಳಿದಂತೆ ವ್ಯಾಪಾರಿಗಳಿಗೂ ತಿಳಿಯಿತು. 1919ರಲ್ಲಿ ದಕ್ಷಿಣಕ್ಕಿರುವ ಸಾಂತ ಮರಿಯಾ ದೆ ಮುರ್ ಚರ್ಚಿನ ಗರ್ಭಭಾಗದ ಚಿತ್ರ ಮಾರಾಟವಾಯಿತು. 1921ರಲ್ಲಿ ಅದು ಅಮೆರಿಕದ ಬಾಸ್ಟನ್ ಸೇರಿತು, ಇವತ್ತಿಗೂ ಅಲ್ಲೇ ಇದೆ. ಅಂಥ ಮಾರಾಟವನ್ನು ತಡೆಯುವ ಕಾನೂನು ಆಗ ಇರಲಿಲ್ಲ. ಹಾಗಾಗಿ ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿ, ಉಳಿದದ್ದಾದರೂ ನಾಡಿನಲ್ಲೇ ಉಳಿಯಲೆಂದು, ಹಣ ಕೊಟ್ಟು ಚಿತ್ರಗಳನ್ನು ಕೊಂಡು 1919ರಿಂದ 1923ರ ನಡುವೆ ಗೋಡೆಯಿಂದ ತೆಗೆಸಿತು. ಕೆಲಸ ಮಾಡಿದ್ದು ಫ್ರಾಂಕೊ ಸ್ಟೆಫನೋನಿ ಮುಂದಾಳತ್ವದ ಇಟಲಿಯ ತಂಡ. ಊರಿನವರಿಗೆ ಇದರಿಂದ ನಷ್ಟವಾಗಲಿಲ್ಲ ಎನ್ನುವುದು ಸುಳ್ಳಾದೀತು. ಬಿಟ್ಟಿದ್ದರೆ ಅವು ಇನ್ನೂ ದೂರ ಹೋಗುತ್ತಿದ್ದವು ಎನ್ನುವುದಕ್ಕೆ ಮುರ್ ಕಣ್ಣೆದುರಿಗಿದೆ.

ತೆಗೆಯುವ ವಿಧಾನವನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ, ಚರ್ಚಿನ ಗೋಡೆಯಲ್ಲಿ ಇನ್ನೂ ಏನು ಉಳಿದಿದೆ ಎಂಬುದು ಅರ್ಥವಾಗುತ್ತದೆ. ಇದಕ್ಕೆ ಸ್ಟ್ರಾಪ್ಪೊ ಎಂದು ಹೆಸರು. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟನ್ನು ಬಿಸಿಮಾಡಿ, ಚಿತ್ರದ ಮೇಲೆ ಹತ್ತಿ ಬಟ್ಟೆಯನ್ನು ಪದರಪದರವಾಗಿ ಅಂಟಿಸುತ್ತಾರೆ. ಅಂಟು ಒಣಗುತ್ತ ಕುಗ್ಗುತ್ತದೆ. ಕುಗ್ಗುವ ಆ ಬಲವೇ ಬಣ್ಣದ ತೆಳು ಪೊರೆಯನ್ನು ಗಾರೆಯಿಂದ ಎಬ್ಬಿಸುತ್ತದೆ. ಬಟ್ಟೆಯನ್ನು ಮೂಲೆಯಿಂದ ನಿಧಾನಕ್ಕೆ ಎಳೆದರೆ ಚಿತ್ರ ಬಟ್ಟೆಗೆ ಅಂಟಿಕೊಂಡು ಬರುತ್ತದೆ, ಗಾರೆ ಗೋಡೆಯಲ್ಲೇ ಉಳಿಯುತ್ತದೆ. ಸುರುಳಿ ಸುತ್ತಿದ ಬಟ್ಟೆಯನ್ನು ಹೇಸರಗತ್ತೆಗಳ ಮೇಲೆ ಕಣಿವೆಯಿಂದ ಇಳಿಸಿದರು. ಬಾರ್ಸಿಲೋನಾದಲ್ಲಿ ಹಿಂಬದಿಯನ್ನು ಚೊಕ್ಕಮಾಡಿ, ಹಾಲಿನ ಕೇಸೀನ್ ಮತ್ತು ಸುಣ್ಣದ ಅಂಟಿನಿಂದ ಹೊಸ ಬಟ್ಟೆಗೆ ಕೂರಿಸಿ, ಮುಂಬದಿಯ ಬಟ್ಟೆಯನ್ನು ಬಿಸಿನೀರಿನಿಂದ ಬಿಡಿಸಿದರು. ಕೊನೆಗೆ ಚರ್ಚಿನ ಬಾಗಿದ ಗೋಡೆಯ ಆಕಾರದಲ್ಲೇ ಮರದ ಚೌಕಟ್ಟು ಕಟ್ಟಿ ಅದರ ಮೇಲೆ ಹರಡಿದರು.

ಈ ಎಳೆತದಲ್ಲಿ ಎಲ್ಲವೂ ಬರುವುದಿಲ್ಲ. ಗಾರೆಗೆ ಆಳವಾಗಿ ಇಳಿದ ಬಣ್ಣ, ಕೆಳಗಿನ ಕರಡು ಗೆರೆ, ಬಟ್ಟೆ ಸರಿಯಾಗಿ ಹಿಡಿಯದ ಅಂಚುಗಳು ಗೋಡೆಯಲ್ಲೇ ಉಳಿಯುತ್ತವೆ. ಸಾಂತ್ ಕ್ಲಿಮೆಂತ್‌ನಲ್ಲಿ ದಶಕಗಳ ಕಾಲ ಒಂದು ಬಣ್ಣಬಣ್ಣದ ಪ್ರತಿಕೃತಿ ಗೋಡೆಯನ್ನು ಮುಚ್ಚಿತ್ತು. 2013ರಲ್ಲಿ ಆ ಪ್ರತಿಕೃತಿ ತೆಗೆದು, ಹಿಂದಿದ್ದ ಅಸಲಿ ಅವಶೇಷಗಳನ್ನು ಶುಚಿಮಾಡಿ, ಮೇಲೆ ಬೆಳಕಿನಲ್ಲಿ ಚಿತ್ರ ಮೂಡಿಸುವ ವ್ಯವಸ್ಥೆ ಮಾಡಿದರು. ಎಂದರೆ ಈಗ ಅಲ್ಲಿ ಕಾಣುವುದು ಒಂಬೈನೂರು ವರ್ಷದ ಅಸಲಿ ಗಾರೆ, ಅಸಲಿ ಬಣ್ಣದ ಕುರುಹು. ಸುಮಾರು ಹತ್ತು ನಿಮಿಷದ ಪ್ರದರ್ಶನದಲ್ಲಿ ಬಿಳಿ ಗೋಡೆಯ ಮೇಲೆ ಮೊದಲು ಗೆರೆ, ಆಮೇಲೆ ತಳಬಣ್ಣ, ಆಮೇಲೆ ನೆರಳು-ಬೆಳಕು, ಹೀಗೆ ಚಿತ್ರಕಾರ ನಡೆದ ದಾರಿಯಲ್ಲೇ ಚಿತ್ರ ತುಂಬಿಕೊಳ್ಳುತ್ತದೆ. ಸ್ನೇಹಿತರು "ವಿಡಿಯೊ" ಎಂದು ತಳ್ಳಿಹಾಕಿದ್ದು ಇದನ್ನೇ. ಭಿತ್ತಿಚಿತ್ರವನ್ನು ಜನರಿಗೆ ವಿವರಿಸುವ ವ್ಯವಸ್ಥೆಗಳಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕವಾದದ್ದು ಕಡಿಮೆ. ಗೋಡೆಯನ್ನು ಮುಟ್ಟದೆ, ಏನಿತ್ತು ಏನು ಹೋಯಿತು ಎರಡನ್ನೂ ತೋರಿಸುತ್ತದೆ.

ಹಾಗಿದ್ದರೆ ಅಸಲಿ ಚಿತ್ರಗಳನ್ನೇ ವಾಪಸ್ ತಂದು ಹಚ್ಚಬಾರದೇ ಎಂದು ಕೇಳುವವರಿದ್ದಾರೆ. ನೂರು ವರ್ಷ ಹಳೆಯ ಬಟ್ಟೆ, ಕೇಸೀನ್ ಅಂಟು, ಮರದ ಚೌಕಟ್ಟು ಈಗ ಒಂದಕ್ಕೊಂದು ಬೆಸೆದುಕೊಂಡಿವೆ. ಬಿಡಿಸಿದರೆ ಪೊರೆ ಬಿರಿಯುವ ಅಪಾಯ. ಚರ್ಚಿನೊಳಗಿನ ತೇವ ಚಳಿಗಾಲಕ್ಕೂ ಬೇಸಿಗೆಗೂ ಏರಿಳಿಯುವುದು ಇನ್ನೊಂದು ಅಪಾಯ. 2025ರಲ್ಲಿ ಸ್ಪೇನ್‌ನ ಸುಪ್ರೀಂ ಕೋರ್ಟ್ ಇದೇ ಮ್ಯೂಸಿಯಂಗೆ ಚಿತ್ರಗಳನ್ನು ಹಿಂದಿರುಗಿಸುವಂತೆ ಹೇಳಿದ್ದನ್ನು ಕೆಲವರು ಇದರೊಂದಿಗೆ ಸೇರಿಸಿ ಮಾತಾಡುತ್ತಾರೆ. ಅದು ಅರಗಾನ್ ಪ್ರಾಂತದ ಸಿಖೇನಾ ಮಠದ ಪ್ರಕರಣ, 1936ರ ಬೆಂಕಿಯ ನಂತರ ತೆಗೆದ ಚಿತ್ರಗಳದ್ದು. ಬೋಯಿಗೆ ಸಂಬಂಧವಿಲ್ಲ.

ಬೇಲೂರಿನ ಕಣ್ಣಲ್ಲಿ ನೋಡಬೇಡಿ

ನಮ್ಮ ಕಡೆಯಿಂದ ಹೋಗುವವರಿಗೆ ಆಗುವ ನಿರಾಸೆಯ ಕಾರಣ ಬೇರೆಯೇ ಇದೆ. ಸಾಂತ್ ಕ್ಲಿಮೆಂತ್ ಪ್ರತಿಷ್ಠಾಪನೆಯಾದದ್ದು 1123ರ ಡಿಸೆಂಬರ್ 10ರಂದು, ಸಾಂತ ಮರಿಯಾ ಮರುದಿನ. ರೋದಾ-ಬಾರ್ಬಾಸ್ತ್ರೊದ ಬಿಷಪ್ ರಾಮೋನ್ ಬಂದು ಪ್ರತಿಷ್ಠೆ ಮಾಡಿದರೆಂದು ಸಾಂತ್ ಕ್ಲಿಮೆಂತ್‌ನ ಕಂಬವೊಂದರ ಮೇಲೆ ಬಣ್ಣದಲ್ಲೇ ಬರೆದಿದ್ದರು. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117. ಆರೇ ವರ್ಷದ ಅಂತರ. ಬೇಲೂರು ನೋಡಿದ ಕಣ್ಣು ಇಲ್ಲಿನ ಹೊರಗೋಡೆಯಲ್ಲಿ ಶಿಲ್ಪ ಹುಡುಕುತ್ತದೆ, ಸಿಗುವುದಿಲ್ಲ. ನಮ್ಮ ಬಳಪದ ಕಲ್ಲು ಉಳಿಗೆ ಮಣಿಯುತ್ತದೆ. ಈ ಕಣಿವೆಯ ಕಲ್ಲು ಗ್ರಾನೈಟು, ಚಾವಣಿಗೆ ಸ್ಲೇಟು. ಸಣ್ಣ ಚಪ್ಪಡಿಗಳಾಗಿ ಒಡೆದು ಸಾಲಾಗಿ ಕಟ್ಟುವುದಕ್ಕೆ ಒಗ್ಗುತ್ತದೆ, ಕುಸುರಿಗೆ ಒಗ್ಗುವುದಿಲ್ಲ. ಹಾಗಾಗಿ ಇಲ್ಲಿ ಕಥೆ ಹೇಳುವ ಕೆಲಸ ಬಣ್ಣದ ಪಾಲಿಗೆ ಬಂತು. ಗೋಡೆಗಳು ಮೊದಲಿಂದ ಹೀಗೇ ಬೋಳು ಕಲ್ಲಾಗಿದ್ದವು ಎಂಬುದೂ ತಪ್ಪು ತಿಳಿವಳಿಕೆ. ಒಳಗೆಲ್ಲ ಗಾರೆ, ಗಾರೆಯ ಮೇಲೆ ಬಣ್ಣ ಇತ್ತು.

ಹೊರಗೆ ನೋಡಬೇಕಾದ್ದು ಗಂಟೆಗೋಪುರ. ಉತ್ತರ ಇಟಲಿಯ ಲೊಂಬಾರ್ಡ್ ಮೇಸ್ತ್ರಿಗಳ ಶೈಲಿ ಇದು. ಸಾಂತ್ ಕ್ಲಿಮೆಂತ್‌ನ ಚೌಕ ಗೋಪುರಕ್ಕೆ ತಳದ ಮೇಲೆ ಆರು ಅಂತಸ್ತು. ಪ್ರತಿ ಅಂತಸ್ತಿನ ಅಂಚಿನಲ್ಲಿ ಗೋಡೆಗೆ ಅಂಟಿದಂತೆ ಚಿಕ್ಕ ಕುರುಡು ಕಮಾನುಗಳ ಸಾಲು, ಅದರ ಮೇಲೆ ಗರಗಸದ ಹಲ್ಲಿನಂತೆ ಓರೆಯಾಗಿ ಇಟ್ಟ ಕಲ್ಲುಗಳ ಪಟ್ಟಿ. ಮಧ್ಯೆ ತೆಳು ಕಂಬವಿಟ್ಟ ಜೋಡಿ ಕಿಟಕಿಗಳು. ತುಸು ದೂರ ನಿಂತು ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಭಾರ ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಎರಿಲ್ ಲಾ ವಾಲ್ ಊರಿನ ಸಾಂತ ಎವುಲಾಲಿಯಾ ಚರ್ಚಿಗೂ ಇಂಥದೇ ಎತ್ತರದ ಗೋಪುರವಿದೆ. ಕಣಿವೆಯ ಆಚೆ ಬದಿಯ ಎರಿಲ್‌ನಿಂದ ಬೋಯಿ, ತಾವುಲ್ ಕಡೆಗೆ ನೋಡಿ. ಈ ಗೋಪುರಗಳನ್ನು ಒಂದಕ್ಕೊಂದು ಕಾಣುವಂತೆ ಎಬ್ಬಿಸಿದ್ದು ಏಕೆಂಬುದು ನಿಂತ ಜಾಗದಲ್ಲೇ ತಿಳಿಯುತ್ತದೆ. ಇದನ್ನು ಯಾವ ಮ್ಯೂಸಿಯಂ ಒಳಗೂ ತೋರಿಸಲಾಗದು. ನಿಮಗೆ ಹೋಗಿ ಎಂದು ಹೇಳುತ್ತಿರುವುದರ ಮುಖ್ಯ ಕಾರಣವೂ ಇದೇ.

ಇಷ್ಟು ಚಿಕ್ಕ ಕಣಿವೆಯಲ್ಲಿ ಇಷ್ಟೊಂದು ಚರ್ಚು ಹೇಗೆ ಬಂದವು? ಆಗ ಕಣಿವೆಯ ಒಡೆಯರಾಗಿದ್ದವರು ಎರಿಲ್ ಮನೆತನದವರು. ಅರಗಾನ್ ರಾಜ ಒಂದನೇ ಅಲ್ಫೋನ್ಸೊ ಜೊತೆ ದಕ್ಷಿಣದ ಮುಸ್ಲಿಂ ರಾಜ್ಯಗಳ ಮೇಲೆ ಯುದ್ಧಕ್ಕೆ ಹೋಗಿ ಗಳಿಸಿದ ಸಂಪತ್ತು ಈ ಕಟ್ಟಡಗಳಿಗೆ ಹರಿಯಿತು ಎಂಬುದು ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಮುಂದಿನ ಶತಮಾನಗಳಲ್ಲಿ ಕಣಿವೆ ಬಡವಾಯಿತು, ಹಳೆಯದನ್ನು ಕೆಡವಿ ಹೊಸದು ಕಟ್ಟಲು ದುಡ್ಡಿರಲಿಲ್ಲ. ಬಲಿಪೀಠದ ಹಿಂದೆ ಆಮೇಲೆ ನಿಲ್ಲಿಸಿದ ಮರದ ದೊಡ್ಡ ಫಲಕಗಳು ಗೋಡೆಚಿತ್ರಗಳನ್ನು ಮರೆಮಾಡಿ, ತಮಗರಿವಿಲ್ಲದೆ ಕಾಪಾಡಿದವು. 2000ದಲ್ಲಿ ಯುನೆಸ್ಕೊ ಒಂಬತ್ತನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂಬತ್ತರಲ್ಲಿ ಯಾವುವು?

ಒಂಬತ್ತೂ ದಿನವಿಡೀ ತೆರೆದಿರುತ್ತವೆ ಎಂದುಕೊಂಡು ಹೋಗಿ ಬೀಗ ನೋಡಿ ಬರುವವರು ಬಹಳ. ಕಾರ್ಡೆತ್ ಮತ್ತು ಕೋಲ್ ಊರುಗಳ ಚರ್ಚುಗಳ ಬಾಗಿಲು ತೆರೆಯುವುದು ಸೀಮಿತ ಸಮಯದಲ್ಲಿ. ದುರ್ರೊ ಮೇಲಿನ ಸಾಂತ್ ಕೀರ್ಕ್ ಒಂದು ಪುಟ್ಟ ಗುಡಿ, ಅದರ ಸೊಗಸಿರುವುದು ಹೊರಗಿನಿಂದ. ನಿಮಗೆ ಐದು ಸಾಕು: ಬರುಯೇರಾ, ದುರ್ರೊ, ಎರಿಲ್ ಲಾ ವಾಲ್, ಬೋಯಿ, ತಾವುಲ್‌ನ ಸಾಂತ್ ಕ್ಲಿಮೆಂತ್. ತಾವುಲ್‌ನಲ್ಲಿ ಅತ್ತೆಗೆ ದಣಿವಾಗದಿದ್ದರೆ ಸಾಂತ ಮರಿಯಾ ಆರನೆಯದು.

ಎರಿಲ್‌ನಲ್ಲಿ ರೋಮನೆಸ್ಕ್ ಕೇಂದ್ರ ಎಂಬ ಚಿಕ್ಕ ಮಾಹಿತಿ ಕೇಂದ್ರವಿದೆ. ರೋಮನೆಸ್ಕ್ ಎಂದರೆ ಗಾಥಿಕ್‌ಗಿಂತ ಹಿಂದಿನ, ದಪ್ಪ ಗೋಡೆ, ಅರ್ಧವೃತ್ತದ ಕಮಾನು, ಕಿರಿದಾದ ಕಿಟಕಿಗಳ ಶೈಲಿ. ಕಣಿವೆಯ ಸುತ್ತಾಟವನ್ನು ಅಲ್ಲಿಂದ ಶುರುಮಾಡಿ. ಆ ದಿನ ಯಾವ ಚರ್ಚು ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಸಾಂತ್ ಕ್ಲಿಮೆಂತ್‌ನ ಪ್ರದರ್ಶನ ಎಷ್ಟೆಷ್ಟು ಹೊತ್ತಿಗಿದೆ ಎಂದು ಕೇಳಿ, ಹಲವು ಚರ್ಚುಗಳಿಗೆ ಒಟ್ಟಾಗಿ ಸಿಗುವ ಟಿಕೆಟ್ ಕೊಳ್ಳಿ. ಪಕ್ಕದ ಸಾಂತ ಎವುಲಾಲಿಯಾದ ಒಳಗೆ ಶಿಲುಬೆಯಿಂದ ಏಸುವನ್ನು ಇಳಿಸುವ ಏಳು ಮರದ ಮೂರ್ತಿಗಳಿವೆ. ಇವು ನಿಜಕ್ಕೂ ಪ್ರತಿಕೃತಿಗಳೇ. 12ನೇ ಶತಮಾನದ ಅಸಲಿ ಮೂರ್ತಿಗಳಲ್ಲಿ ಐದು ವಿಕ್ ಪಟ್ಟಣದ ಬಿಷಪರ ಮ್ಯೂಸಿಯಂನಲ್ಲಿ, ಮೇರಿ ಮತ್ತು ಸಂತ ಯೋಹಾನನ ಎರಡು ಬಾರ್ಸಿಲೋನಾದಲ್ಲಿ. ಒಂದು ಕುಟುಂಬದ ಮೂರ್ತಿಗಳನ್ನು ಎರಡು ಊರಿಗೆ ಹಂಚಿದ್ದನ್ನು ನಾನಂತೂ ಸಮರ್ಥಿಸಲಾರೆ. ಏಳೂ ಒಟ್ಟಿಗೆ, ಸರಿಯಾದ ಎತ್ತರದಲ್ಲಿ ನಿಂತಿರುವುದನ್ನು ನೋಡಬೇಕಾದರೆ ಎರಿಲ್‌ನ ಪ್ರತಿಕೃತಿಯೇ ಗತಿ.

ಬೋಯಿಯ ಸಾಂತ್ ಜೊವಾನ್‌ನಲ್ಲಿ ಗೋಡೆಗಳಿಗೆ ಮತ್ತೆ ಗಾರೆ ಬಳಿದು ಹಳೆ ಚಿತ್ರಗಳ ಪ್ರತಿ ಬರೆದಿದ್ದಾರೆ: ಸಂತ ಸ್ಟೀಫನನಿಗೆ ಕಲ್ಲು ಹೊಡೆಯುವವರು, ದೊಂಬರಾಟದವರು, ಎಲ್ಲೂ ಕಾಣದ ಪ್ರಾಣಿಗಳು. ಮಧ್ಯಯುಗದಲ್ಲಿ ಒಳಗೆ ಎಷ್ಟು ಬಣ್ಣವಿತ್ತು ಎಂಬ ಅಂದಾಜು ಇಲ್ಲಿ ಸಿಗುತ್ತದೆ. ಬರುಯೇರಾದ ಸಾಂತ್ ಫೆಲಿಯು ಮುಖ್ಯ ರಸ್ತೆಗೆ ಹತ್ತಿರ, ಸಮತಟ್ಟಾದ ಜಾಗದಲ್ಲಿದೆ. ಅತ್ತೆಗೆ ಎಲ್ಲಕ್ಕಿಂತ ಸುಲಭ. ದುರ್ರೊ ಬರುಯೇರಾದಿಂದ ಮೇಲಕ್ಕೆ ಸುಮಾರು ಮೂರು ಕಿಲೋಮೀಟರ್ ತಿರುವಿನ ದಾರಿ.

ಸಾಂತ್ ಕ್ಲಿಮೆಂತ್‌ಗೆ ಮಾತ್ರ ಒಂದೂವರೆ ಗಂಟೆ ಮೀಸಲಿಡಿ. ಪ್ರದರ್ಶನಕ್ಕೆ ಇಪ್ಪತ್ತು ನಿಮಿಷ ಮೊದಲೇ ಒಳಗೆ ಹೋಗಿ, ದೀಪವಿಲ್ಲದ ಬೆಳಕಿನಲ್ಲಿ ಗರ್ಭಭಾಗದ ಗೋಡೆಯ ಕುರುಹುಗಳನ್ನು ನೋಡಿ. ಒಳಗಿನ ಕಟ್ಟಡವನ್ನೂ ಗಮನಿಸಿ. ಮೂರು ಅಂಕಣ, ದುಂಡು ಕಂಬಗಳು, ಮೇಲೆ ಮರದ ಚಾವಣಿ. ಪ್ರದರ್ಶನ ಮುಗಿದ ಕೂಡಲೇ ಜನರೆಲ್ಲ ಹೊರಗೆ ಹೋಗುತ್ತಾರೆ. ನೀವು ಐದು ನಿಮಿಷ ಉಳಿದುಕೊಳ್ಳಿ. ಮೊದಲು ಬರೀ ಕಲೆಯಂತೆ ಕಂಡದ್ದು ಈಗ ಯಾವ ಉಡುಪಿನ ಅಂಚು, ಯಾವ ದೇವದೂತನ ರೆಕ್ಕೆ ಎಂದು ಗುರುತು ಹತ್ತುತ್ತದೆ. ಗೋಪುರ ಹತ್ತಲು ಅವಕಾಶವಿದೆ, ಆದರೆ ಒಳಗಿರುವುದು ಕಡಿದಾದ ಮರದ ಮೆಟ್ಟಿಲು. ಮಂಡಿ ನೋವಿನವರು ಹತ್ತಿದರೂ ಇಳಿಯುವಾಗ ಕಷ್ಟ. ಅತ್ತೆಯವರನ್ನು ಕೆಳಗೆ ಕೂರಿಸಿ.

ಮ್ಯೂಸಿಯಂ ಮೊದಲೋ, ಕಣಿವೆ ಮೊದಲೋ?

ನನ್ನ ಸಲಹೆ ಮ್ಯೂಸಿಯಂ ಮೊದಲು. ಅಲ್ಲಿ ಸಾಂತ್ ಕ್ಲಿಮೆಂತ್‌ನ ಚಿತ್ರ ಕಣ್ಣಿಗೆ ಹತ್ತಿರ, ಬೆಳಕು ಚೆನ್ನಾಗಿದೆ. ಬಾದಾಮಿಯಾಕಾರದ ಪ್ರಭೆಯೊಳಗೆ ಕಮಾನಿನ ಮೇಲೆ ಕೂತ ಏಸು, ಪಾದದ ಕೆಳಗೆ ಅರ್ಧಗೋಲದ ಭೂಮಿ, ಕೈಯಲ್ಲಿ "ನಾನೇ ಲೋಕದ ಬೆಳಕು" ಎಂದು ಲ್ಯಾಟಿನ್‌ನಲ್ಲಿ ಬರೆದ ತೆರೆದ ಪುಸ್ತಕ. ಸಿಂಹದ ಕಾಲು ಹಿಡಿದ ದೇವದೂತನನ್ನೂ, ಕಮಾನಿನ ಮೇಲೆ ಏಳು ಕಣ್ಣಿನ ಕುರಿಮರಿಯನ್ನೂ, ಬಾಗಿಲ ಮುಂದೆ ಬಿದ್ದ, ಬೈಬಲ್ ಕಥೆಯ ಭಿಕ್ಷುಕ ಲಾಜರನ ಹುಣ್ಣು ನೆಕ್ಕುವ ನಾಯಿಯನ್ನೂ ಹುಡುಕಿ. ನೀಲಿಯ ಬಹುಪಾಲು ಏರಿನೈಟ್ ಎಂಬ ಪಿರನೀಸ್‌ನದೇ ಖನಿಜ. ದೂರದಿಂದ ತರಿಸಿದ ಬಣ್ಣವಲ್ಲ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಕಣಿವೆಗೆ ಹೋದರೆ ಬೋಳು ಗೋಡೆ ಬೋಳಾಗಿ ಕಾಣುವುದಿಲ್ಲ. ಮೊದಲು ಕಣಿವೆಗೆ ಹೋದವರು ಪ್ರದರ್ಶನದ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹಿಡಿಯಲು ಹೋಗಿ ಅರ್ಧ ಬಿಟ್ಟುಬಿಡುತ್ತಾರೆ. ವಿಮಾನ ಇಳಿದ ಮರುದಿನ ಹೇಗೂ ಬೆಟ್ಟ ಹತ್ತುವ ಶಕ್ತಿ ಇರುವುದಿಲ್ಲ, ಮ್ಯೂಸಿಯಂಗೆ ಅದೇ ಸರಿಯಾದ ದಿನ. ಸೋಮವಾರ ರಜೆ. ಶನಿವಾರ ಮಧ್ಯಾಹ್ನ ಮೂರರ ನಂತರ ಮತ್ತು ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ.

ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಹೋಗಲು ಮೂರೂವರೆಯಿಂದ ನಾಲ್ಕು ಗಂಟೆ, ಬರಲು ಅಷ್ಟೇ. ಚರ್ಚುಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ. ಬೆಳಿಗ್ಗೆ ಏಳಕ್ಕೆ ಹೊರಟರೂ ಮುಚ್ಚುವ ಮೊದಲು ಎರಡು ಚರ್ಚು ನೋಡಿದರೆ ಹೆಚ್ಚು. ಕಣಿವೆಯಲ್ಲಿ ಎರಡು ರಾತ್ರಿ ಉಳಿಯಿರಿ. ಹೋದ ದಿನ ಸಂಜೆ ಮೊದಲು ಎರಿಲ್‌ನ ಮಾಹಿತಿ ಕೇಂದ್ರ, ಆಮೇಲೆ ಬರುಯೇರಾ ಮತ್ತು ದುರ್ರೊ. ಜೂನ್‌ನಲ್ಲಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ. ಮರುದಿನ ಬೆಳಿಗ್ಗೆ ಎರಿಲ್, ಬೋಯಿ, ಸಂಜೆ ತಾವುಲ್. ಮೂರನೇ ದಿನ ಬೆಳಿಗ್ಗೆ ಬೋಯಿ ಊರಿನ ಚೌಕದಿಂದ ಹೊರಡುವ ಜೀಪ್ ಟ್ಯಾಕ್ಸಿಯಲ್ಲಿ ಐಗುಯೆಸ್ತೋರ್ತೆಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಒಳಗೆ ಸ್ವಂತ ಕಾರಿಗೆ ಪ್ರವೇಶವಿಲ್ಲ. ಮೇಲಿನ ಬಯಲಿನಲ್ಲಿ ಮರದ ಹಲಗೆ ಹಾಸಿದ ದಾರಿ ಇರುವುದರಿಂದ ಅತ್ತೆಯೂ ನಿಧಾನಕ್ಕೆ ನಡೆಯಬಹುದು.

ಇನ್ನು ಕಾರಿನ ವಿಷಯ. ಸ್ಪೇನ್‌ನಲ್ಲಿ ವಾಸದ ಪರವಾನಗಿ ಪಡೆದು ನೆಲೆಸಿದ ವಿದೇಶಿಯರು ಯುರೋಪಿನ ಹೊರಗಿನ ಲೈಸೆನ್ಸ್ ಇಟ್ಟುಕೊಂಡು ಓಡಿಸಬಹುದಾದದ್ದು ಆರು ತಿಂಗಳು ಮಾತ್ರ. ಭಾರತದ ಲೈಸೆನ್ಸನ್ನು ಬದಲಾಯಿಸಿಕೊಳ್ಳುವ ಒಪ್ಪಂದವೂ ಇಲ್ಲ. ಅಲ್ಲೇ ಪರೀಕ್ಷೆ ಕಟ್ಟಿ ಸ್ಪೇನ್ ಲೈಸೆನ್ಸ್ ಪಡೆಯಬೇಕು. ಮಗ ಅಲ್ಲಿ ಎರಡು ವರ್ಷದಿಂದ ಇದ್ದಾನೆ. ಸ್ಪೇನ್ ಲೈಸೆನ್ಸ್ ಮಾಡಿಸಿಕೊಂಡಿದ್ದರೆ ಸರಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ, ದಂಡ ಬೇರೆ. ವಿಚಿತ್ರವೆಂದರೆ, ಪ್ರವಾಸಕ್ಕೆ ಬರುವ ನಿಮ್ಮ ಯಜಮಾನರು ಓಡಿಸಬಹುದು. ಅದಕ್ಕೆ ಹೊರಡುವ ಮೊದಲೇ ಮೈಸೂರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಬೇಕು. ಅಲ್ಲಿಗೆ ಹೋದ ಮೇಲೆ ಇದು ಸಿಗುವುದಿಲ್ಲ. ಬಾಡಿಗೆ ಕಾರಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಅಲ್ಲಿ ಬಲಬದಿಯ ಸಂಚಾರ, ಸ್ಟಿಯರಿಂಗ್ ಎಡಕ್ಕೆ, ಹೆಚ್ಚಿನ ಕಾರುಗಳಲ್ಲಿ ಗೇರು ಬಲಗೈಗೆ. ಹೊಸಬರು ಬೆಟ್ಟದ ತಿರುವಿನಲ್ಲಿ ಎಡವುವುದು ಇಲ್ಲೇ, ಆದ್ದರಿಂದ ಆಟೋಮ್ಯಾಟಿಕ್ ಕಾರನ್ನು ಮುಂಚಿತವಾಗಿ ಕಾದಿರಿಸಿ.

ದಾರಿ: ಬಾರ್ಸಿಲೋನಾದಿಂದ ಎ-2 ಹೆದ್ದಾರಿಯಲ್ಲಿ ಲೇಯ್ದಾ, ಅಲ್ಲಿಂದ ಎನ್-230ರಲ್ಲಿ ಉತ್ತರಕ್ಕೆ ಎಲ್ ಪೋಂತ್ ದೆ ಸುವೆರ್ತ್, ಅದನ್ನು ದಾಟಿದ ಸ್ವಲ್ಪ ಹೊತ್ತಿಗೆ ಬಲಕ್ಕೆ ಎಲ್-500 ಕಣಿವೆಯೊಳಗೆ ಏರುತ್ತದೆ. ಮೊಬೈಲ್ ನಕ್ಷೆ ಕೆಲವೊಮ್ಮೆ ಪೂರ್ವದ ಸೆಂತೆರಾದಾ ಕಡೆಯಿಂದ ಎನ್-260 ತೋರಿಸುತ್ತದೆ. ದೂರ ಕಡಿಮೆ ಎನಿಸಿದರೂ ಆ ದಾರಿ ಪೂರ್ತಿ ತಿರುವು. ವಾಂತಿಯಾಗುವವರಿದ್ದರೆ ಆ ಕಡೆ ಹೋಗಲೇಬೇಡಿ.

ಕಾರು ಬೇಡವೆಂದರೆ ಬಾರ್ಸಿಲೋನಾದಿಂದ ಲೇಯ್ದಾ ಮಾರ್ಗವಾಗಿ ವಿಯೆಲ್ಹಾಗೆ ಹೋಗುವ ಬಸ್ಸು ಪೋಂತ್ ದೆ ಸುವೆರ್ತ್‌ನಲ್ಲಿ ನಿಲ್ಲುತ್ತದೆ. ಲೇಯ್ದಾವರೆಗೆ ವೇಗದ ರೈಲಿನಲ್ಲಿ ಹೋದರೆ ಸುಮಾರು ಒಂದು ಗಂಟೆ. ಪೋಂತ್‌ನಿಂದ ಮೇಲಕ್ಕೆ ಬಸ್ಸುಗಳು ಬೆರಳೆಣಿಕೆಯಷ್ಟು. ಟ್ಯಾಕ್ಸಿಯನ್ನು ಉಳಿದುಕೊಳ್ಳುವ ಹೋಟೆಲಿನವರ ಮೂಲಕ ಮೊದಲೇ ಹೇಳಿಡಬೇಕು. ಅಲ್ಲಿ ಇಳಿದು ಹುಡುಕಿದರೆ ಸಿಗುವ ಭರವಸೆ ಇಲ್ಲ. ಬಸ್ಸಿನಲ್ಲಿ ಹೋಗುವುದಾದರೆ ಬೋಯಿ ಅಥವಾ ಎರಿಲ್‌ನಲ್ಲಿ ಉಳಿಯಿರಿ, ಎರಡೂ ಹತ್ತಿರದ ಊರುಗಳು. ದುರ್ರೊ ಕೈಬಿಡಬೇಕಾಗುತ್ತದೆ.

ಎತ್ತರದ ಭಯ ಬೇಡ. ತಾವುಲ್ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಉಸಿರಾಟದ ಕಾಯಿಲೆ ಮೊದಲೇ ಇದ್ದರೆ ವೈದ್ಯರನ್ನು ಕೇಳಿ, ಇಲ್ಲದಿದ್ದರೆ ಚಿಂತೆಯಿಲ್ಲ. ತೊಂದರೆ ಕೊಡುವುದು ಕಲ್ಲು ಹಾಸಿದ ಇಳಿಜಾರಿನ ಓಣಿಗಳು, ಅದರಲ್ಲೂ ಮಳೆ ಬಂದ ಮೇಲೆ. ಸಾಂತ್ ಕ್ಲಿಮೆಂತ್ ತಾವುಲ್‌ನ ಕೆಳ ಅಂಚಿನಲ್ಲಿ ರಸ್ತೆಗೆ ಹತ್ತಿರವಿದೆ. ಸಾಂತ ಮರಿಯಾ ಊರ ನಡುವೆ, ಏರು ಹತ್ತಬೇಕು. ಅತ್ತೆಗೆ ಹಿಡಿತವಿರುವ ಅಡಿಯ ಶೂ ಕೊಡಿಸಿ, ಮಡಚುವ ಊರುಗೋಲು ಇರಲಿ. ಚಪ್ಪಲಿ ಬಿಡಬೇಕಾಗಿಲ್ಲ, ಬಿಟ್ಟರೆ ಕಲ್ಲಿನ ನೆಲದ ಚಳಿ ಮಂಡಿಗೆ ಏರುತ್ತದೆ. ಯಾವ ಧರ್ಮದವರಿಗೂ ತಡೆಯಿಲ್ಲ, ಸೀರೆಗೂ ತಡೆಯಿಲ್ಲ. ಗಂಡಸರು ಟೋಪಿ ತೆಗೆಯುವುದು ವಾಡಿಕೆ. ಪೂಜೆ ನಡೆಯುವಾಗ ವೀಕ್ಷಣೆ ನಿಲ್ಲಿಸುತ್ತಾರೆ. ಬೇಸಿಗೆಯಲ್ಲೂ ಒಳಗೆ ತಂಪು, ಒಂದು ಸ್ವೆಟರ್ ಬೇಕು. ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದುಂಟು. ದುರ್ರೊದಿಂದ ಸಾಂತ್ ಕೀರ್ಕ್‌ಗೆ ನಡೆಯುವ ಆಸೆ ನಿಮಗಿದ್ದರೆ ಬೆಳಿಗ್ಗೆಯೇ ಹೋಗಿ ಬನ್ನಿ.

ಜೂನ್ ಮಧ್ಯ ಎಂದಿರಿ. ಆ ಹೊತ್ತಿಗೆ ಕಣಿವೆಯಲ್ಲಿ ಫಾಲೆಸ್ ಎಂಬ ಬೆಂಕಿಯ ಹಬ್ಬ ಶುರುವಾಗುತ್ತದೆ. ಉರಿಯುವ ಮರದ ಕೊರಡನ್ನು ಹೆಗಲ ಮೇಲೆ ಹೊತ್ತು ರಾತ್ರಿ ಬೆಟ್ಟದಿಂದ ಸಾಲಾಗಿ ಊರಿಗೆ ಇಳಿಯುತ್ತಾರೆ. ಪ್ರತಿ ಊರಿಗೂ ಒಂದೊಂದು ದಿನ; ಮೊದಲನೆಯದು ದುರ್ರೊ, ಇಳಿಯುವುದು ಸಾಂತ್ ಕೀರ್ಕ್ ಬಳಿಯಿಂದ. 2015ರಿಂದ ಇದೂ ಯುನೆಸ್ಕೊ ಪಟ್ಟಿಯಲ್ಲಿದೆ. ನಿಮ್ಮ ದಿನಾಂಕ ಇದಕ್ಕೆ ಹೊಂದಿದರೆ ಅದೃಷ್ಟ, ಆದರೆ ಆ ವಾರಾಂತ್ಯಕ್ಕೆ ಕೋಣೆಗಳು ತಿಂಗಳುಗಳ ಮೊದಲೇ ತುಂಬಿರುತ್ತವೆ, ಆ ರಾತ್ರಿ ದುರ್ರೊದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಗದ್ದಲ ಬೇಡವೆಂದರೆ ವಾರದ ನಡುವಿನ ದಿನಗಳನ್ನು ಆರಿಸಿ.

ಊಟದ ವಿಷಯದಲ್ಲಿ "ವೆಜಿಟೇರಿಯನ್" ಎಂದು ಹೇಳಿ ಸುಮ್ಮನಾಗಬೇಡಿ. ಎಲೆಕೋಸು-ಆಲೂಗಡ್ಡೆ ಹಿಸುಕಿ ಹುರಿದ ತ್ರಿಂಚಾತ್ ಎಂಬ ತಿನಿಸು ನೋಡಲು ಪಲ್ಯದಂತಿದ್ದರೂ ಹಂದಿಮಾಂಸದ ತುಂಡು ಬಿದ್ದಿರುತ್ತದೆ. ಸೂಪಿನ ನೀರೂ ಮೂಳೆ ಬೇಯಿಸಿದ್ದೇ. "ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ" ಎಂದು ಬಿಡಿಬಿಡಿಯಾಗಿ ಅಲ್ಲಿನ ಭಾಷೆ ಕತಲಾನ್‌ನಲ್ಲಿ ಬರೆದ ಚೀಟಿಯನ್ನು ಮಗನಿಂದ ಬರೆಸಿ ಇಟ್ಟುಕೊಳ್ಳಿ. ಟೊಮೆಟೊ ಉಜ್ಜಿದ ಬ್ರೆಡ್, ಸುಟ್ಟ ಬದನೆ-ದೊಣ್ಣೆಮೆಣಸಿನ ಎಸ್ಕಲಿವಾದಾ ಎಲ್ಲೆಡೆ ಸಿಗುತ್ತವೆ. ಎಸ್ಕಲಿವಾದಾ ಮೇಲೆ ಆಂಚೊವಿ ಮೀನು ಇಡಬೇಡಿ ಎಂದು ಹೇಳಿ. ಮಧ್ಯಾಹ್ನದ ಊಟ ಒಂದೂವರೆಯಿಂದ ಮೂರೂವರೆ, ರಾತ್ರಿಯದು ಎಂಟೂವರೆಯ ಮೇಲೆ. ಅತ್ತೆಯವರು ಅಷ್ಟು ಹೊತ್ತು ಕಾಯಲಾರರು ಎಂದಾದರೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು, ಅಕ್ಕಿ, ಬೇಳೆ, ಸಾರಿನಪುಡಿ ಜೊತೆಗೆ ಒಯ್ಯಿರಿ. ತರಕಾರಿ, ಹಾಲು, ಮೊಸರನ್ನು ಪೋಂತ್ ದೆ ಸುವೆರ್ತ್‌ನಲ್ಲೇ ಕೊಂಡುಬಿಡಿ. ಭಾನುವಾರ ಮಧ್ಯಾಹ್ನ ತಲುಪುವುದಾದರೆ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬಾರ್ಸಿಲೋನಾದಲ್ಲಿ ತೆಗೆದುಕೊಂಡು ಹೊರಡಿ.